ಇಳಿಜಾರು ಚಾವಣಿಯ ಕೋಣೆಗೆ ದೀಪ ಎಲ್ಲಿ ಹಾಕೋಣ?

ಮನೆ ಬೆಳಕು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿಂದಿನ ಸಲ ಅಡುಗೆಮನೆಯ ದೀಪಗಳ ಬಗ್ಗೆ ಬರೆದಿದ್ದೆ. ಅದಾದ ಮೇಲೆ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಇಳಿಜಾರು ಚಾವಣಿಯ ಕೋಣೆಗಳದ್ದೇ. ನನಗೆ ಖುಷಿಯಾಯಿತು. ಇಪ್ಪತ್ತೆರಡು ವರ್ಷದಿಂದ ಮನೆಗಳಿಗೆ ದೀಪ ಜೋಡಿಸುವ ಕೆಲಸ ಮಾಡುತ್ತಿದ್ದೇನೆ. ನನಗೆ ತುಂಬಾ ಇಷ್ಟವಾದದ್ದೂ, ತುಂಬಾ ಪಾಠ ಕಲಿಸಿದ್ದೂ ಇಂಥ ಕೋಣೆಗಳೇ. ಆರು ಪತ್ರಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಮೊದಲನೆಯದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆದಿದ್ದೇನೆ. ಉಳಿದ ಪತ್ರಗಳಲ್ಲಿರುವ ತೊಂದರೆಗಳ ಬೇರು ಅಲ್ಲೇ ಇದೆ.

ಪ್ರಶ್ನೆ: ಮೇಡಂ, ನಮ್ಮ ಹಾಲಿನ ಬಿಳಿ ಚಾವಣಿ ಒಂದೇ ಕಡೆಗೆ ಇಳಿಜಾರಾಗಿದೆ. ತಗ್ಗಿನ ಗೋಡೆ 8 ಅಡಿ, ಎದುರಿನ ಗೋಡೆ 15 ಅಡಿ. ಎರಡರ ನಡುವೆ 15 ಅಡಿ. ಚಾವಣಿಯೊಳಗೆ ಹುದುಗಿ ಕೆಳಕ್ಕೆ ಬೆಳಕು ಬಿಡುವ ಎಂಟು ಡೌನ್‌ಲೈಟ್ ಹಾಕಿಸಿದ್ದೇವೆ. ಸೋಫಾದಲ್ಲಿ ಕೂತರೆ ಕಣ್ಣು ಕುಕ್ಕುತ್ತದೆ, ಆದರೂ ಕೋಣೆ ಮಂಕು. ಇನ್ನೂ ನಾಲ್ಕು ಸೇರಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ ಎಲೆಕ್ಟ್ರಿಷಿಯನ್. ಸೇರಿಸಬೇಕಾ?

ಉತ್ತರ: ಬೇಡ. ದಯವಿಟ್ಟು ಸೇರಿಸಬೇಡಿ. ನಿಮ್ಮ ಸೋಫಾ ಎತ್ತರದ ಗೋಡೆಗೆ ತಾಗಿಕೊಂಡಿದೆ, ಅಲ್ವಾ? ನೀವು ಬರೆದಿಲ್ಲ. ಆದರೆ ಕಣ್ಣು ಕುಕ್ಕುತ್ತದೆ ಎಂದಾಗಲೇ ಅಂದಾಜಾಯಿತು.

ಸಮತಟ್ಟಾದ ಚಾವಣಿಗೆ ಡೌನ್‌ಲೈಟ್ ಹಾಕಿದರೆ ಬೆಳಕು ನೇರ ನೆಲಕ್ಕೆ ಬೀಳುತ್ತದೆ. ಅದೇ ದೀಪವನ್ನು ಓರೆ ಹಲಗೆಗೆ ಕೂರಿಸಿದರೆ ದೀಪವೂ ಓರೆಯಾಗುತ್ತದೆ, ಅದರ ಮುಖ ಎತ್ತರದ ಗೋಡೆಯ ಕಡೆ ತಿರುಗುತ್ತದೆ. ನಿಮ್ಮ ಅಳತೆಯಲ್ಲಿ 15 ಅಡಿಗೆ 7 ಅಡಿ ಏರಿದೆ. ಅಂದರೆ ಸುಮಾರು 25 ಡಿಗ್ರಿ ಓರೆ. ನೆಲಕ್ಕೆ ಬೀಳಬೇಕಾದ ಬೆಳಕಿನಲ್ಲಿ ದೊಡ್ಡ ಪಾಲು ಎದುರಿನ ಗೋಡೆಗೆ ಹೋಗುತ್ತಿದೆ. ಆ ದಾರಿಯಲ್ಲಿ ನಿಮ್ಮ ಕಣ್ಣು ಅಡ್ಡ ಸಿಗುತ್ತಿದೆ. ಇನ್ನೂ ನಾಲ್ಕು ಹಾಕಿದರೆ ಕಣ್ಣಿಗೆ ಹೊಡೆಯುವ ದೀಪ ಎಂಟಿದ್ದದ್ದು ಹನ್ನೆರಡಾಗುತ್ತದೆ, ಅಷ್ಟೇ.

ಈ ತಪ್ಪು ನಾನೂ ಮಾಡಿದ್ದೇನೆ. ಕೆಲಸಕ್ಕೆ ಇಳಿದ ಎರಡನೇ ವರ್ಷ ಅದು. ಇಂಥದ್ದೇ ಒಂದು ಹಾಲಿನ ಓರೆ ಚಾವಣಿಗೆ ಆರು ಡೌನ್‌ಲೈಟ್ ಸಾಲಾಗಿ ಕೂರಿಸಿದ್ದೆ. ಕೆಳಗಿನಿಂದ ನೋಡಿದರೆ ಸಾಲು ದಾರ ಹಿಡಿದ ಹಾಗಿತ್ತು. ಸಂಜೆ ಸ್ವಿಚ್ ಹಾಕಿ ತೋರಿಸಲು ಹೋದೆ. ಆ ಮನೆಯ ಅಜ್ಜಿ ಎತ್ತರದ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ದೀಪ ಹತ್ತಿದ ಕೂಡಲೇ ಎಡಗೈ ಎತ್ತಿ ಹಣೆಗೆ ಅಡ್ಡ ಹಿಡಿದರು, ಬಿಸಿಲಿಗೆ ಹಿಡಿಯುತ್ತೇವಲ್ಲ ಹಾಗೆ. ನನ್ನ ಹತ್ತಿರ ಹತ್ತು ನಿಮಿಷ ಮಾತಾಡಿದರು. ಅಷ್ಟು ಹೊತ್ತೂ ಆ ಕೈ ಇಳಿಯಲೇ ಇಲ್ಲ. ಒಂದು ಮಾತೂ ದೂರು ಹೇಳಲಿಲ್ಲ. ಅವರ ಬೆರಳುಗಳ ನೆರಳು ಮುಖದ ಮೇಲೆ ಪಟ್ಟಿ ಪಟ್ಟಿಯಾಗಿ ಬಿದ್ದಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮುಂದಿನ ವಾರ ಆರನ್ನೂ ಬಿಚ್ಚಿ ಬೇರೆ ಹಾಕಿಕೊಟ್ಟೆ. ಅಂದಿನಿಂದ ಎಲ್ಲಿ ದೀಪ ಹಾಕಿದರೂ, ಆ ಕೋಣೆಯ ಒಂದೊಂದು ಕುರ್ಚಿಯಲ್ಲೂ ಕೂತು ನೋಡದೆ ಬರುವುದಿಲ್ಲ.

ಈಗ ನೀವು ಏನು ಮಾಡಬಹುದು ಹೇಳುತ್ತೇನೆ. ಎಂಟನ್ನೂ ಕಿತ್ತು ಹಾಕಬೇಕಾಗಿಲ್ಲ. ಅದೇ ಅಳತೆಯ ತೂತಿಗೆ ಕೂರುವ, ಒಳಗೆ ತಲೆ ತಿರುಗಿಸಲು ಬರುವ ದೀಪ ಸಿಗುತ್ತದೆ. ಕೊಳ್ಳುವ ಮೊದಲು ಎಷ್ಟು ಡಿಗ್ರಿ ತಿರುಗುತ್ತದೆ ಎಂದು ಕೇಳಿ. ನಿಮಗೆ ಬೇಕಾದ್ದು 25ಕ್ಕಿಂತ ಸ್ವಲ್ಪ ಜಾಸ್ತಿ. ಹದಿನೈದೇ ಡಿಗ್ರಿ ತಿರುಗುವುದನ್ನು ತಂದರೆ ಸುಮ್ನೆ ದಂಡ. ಬಲ್ಬು ಉಂಗುರದ ಅಂಚಿನಿಂದ ಒಳಗೆ ಹುದುಗಿರುವಂಥದ್ದು ಕಣ್ಣಿಗೆ ಹಿತ. ಆದರೆ ತೀರಾ ಒಳಗಿದ್ದರೆ, ತಿರುಗಿಸಿದಾಗ ಅರ್ಧ ಬೆಳಕು ಉಂಗುರಕ್ಕೇ ಬಡಿದು ನಿಲ್ಲುತ್ತದೆ. ಹಾಗಾಗಿ ಅಂಗಡಿಯಲ್ಲೇ ಹತ್ತಿಸಿ, ತಿರುಗಿಸಿ ನೋಡಿ. ಇಳಿಜಾರಿಗೆಂದೇ ಓರೆಯಾಗಿ ಮಾಡಿದ ಡೌನ್‌ಲೈಟ್‌ಗಳೂ ಇವೆ. ಹೊಸದಾಗಿ ಮನೆ ಕಟ್ಟುವವರು ಅದನ್ನೇ ಹಾಕಿಸಿ.

ಓರೆ ಎಷ್ಟಿದೆ ಎಂದು ತಿಳಿಯದ ಓದುಗರು ಹೀಗೆ ಅಳೆಯಿರಿ. ಒಂದು ಮೀಟರಿನ ಪಟ್ಟಿಯ ಒಂದು ತುದಿಯನ್ನು ಚಾವಣಿಗೆ ತಾಗಿಸಿ, ಎತ್ತರದ ಕಡೆಗೆ ಮಟ್ಟಸವಾಗಿ ಹಿಡಿಯಿರಿ. ಇನ್ನೊಂದು ತುದಿಯಿಂದ ಚಾವಣಿಗೆ ಎಷ್ಟು ಅಂತರ ಇದೆ ನೋಡಿ. 36 ಸೆಂಟಿಮೀಟರ್ ಇದ್ದರೆ 20 ಡಿಗ್ರಿ, 58 ಇದ್ದರೆ 30, ಪೂರಾ ಒಂದು ಮೀಟರ್ ಇದ್ದರೆ 45. ಮೊಬೈಲಿನಲ್ಲಿ ಮಟ್ಟ ನೋಡುವ ಆ್ಯಪ್ ಇದ್ದರೆ ಫೋನನ್ನೇ ಚಾವಣಿಗೆ ಆನಿಸಿ ಹಿಡಿದರೂ ಆಯಿತು.

ಇನ್ನು ಮಂಕಿನ ವಿಷಯ. ಮುಖ ನೇರ ಮಾಡಿದರೂ ಮೇಲಿನ ಸಾಲಿನ ದೀಪಗಳು 14 ಅಡಿ ಎತ್ತರದಲ್ಲೇ ಉಳಿಯುತ್ತವೆ. ದೂರ ಎರಡರಷ್ಟಾದರೆ ಬೆಳಕು ಅರ್ಧ ಆಗುತ್ತದೆ ಎಂದುಕೊಳ್ಳುತ್ತೇವೆ. ಹಾಗಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. 7 ಅಡಿಯಲ್ಲಿ ಪುಸ್ತಕ ಓದಲು ಸಾಕಾಗುವ ಬಲ್ಬು 14 ಅಡಿಗೆ ಏರಿದರೆ ಓಡಾಡಲು ಮಾತ್ರ ಸಾಕು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಚಾವಣಿ ಎಷ್ಟೇ ಎತ್ತರ ಇರಲಿ, ದೀಪವನ್ನು ಮಾತ್ರ ಮನುಷ್ಯರು ಇರುವ ಕಡೆಗೆ ಇಳಿಸಿ. ಸೋಫಾದ ಪಕ್ಕ ಒಂದು ನೆಲದ ದೀಪ. ಓದುವ ಕುರ್ಚಿಯ ಹಿಂದೆ, ಭುಜದ ಮೇಲಿಂದ ಬೆಳಕು ಬೀಳುವ ಹಾಗೆ ಇನ್ನೊಂದು. ತಗ್ಗಿನ ಗೋಡೆಯ ಮೇಲೆ ಐದೂವರೆ ಅಡಿ ಎತ್ತರದಲ್ಲಿ ಎರಡು ಗೋಡೆ ದೀಪ, ಬೆಳಕು ಮೇಲಕ್ಕೆ ಹೋಗುವಂಥವು. ನಿಮ್ಮ ಚಾವಣಿ ಬಿಳಿ ಬಣ್ಣದ್ದು ಎಂದು ಬರೆದಿದ್ದೀರಿ. ಬಿಳಿ ಚಾವಣಿ ತನಗೆ ಬಿದ್ದ ಬೆಳಕಿನ ಮುಕ್ಕಾಲು ಪಾಲಿಗಿಂತ ಜಾಸ್ತಿಯನ್ನು ವಾಪಸ್ ಕೊಡುತ್ತದೆ. ತಗ್ಗಿನ ಕಡೆಯಿಂದ ಹೊರಟ ಬೆಳಕು ಇಳಿಜಾರನ್ನು ಸವರಿಕೊಂಡು ಮೇಲೇರಿ, ಮೆತ್ತಗೆ ಕೋಣೆಗೆಲ್ಲ ಹರಡುತ್ತದೆ. ನೆರಳು ಗಡುಸಾಗಿ ಬೀಳುವುದಿಲ್ಲ, ಕಣ್ಣಿಗೆ ನೋವಿಲ್ಲ.

ಲೆಕ್ಕ ಬೇಕೆನ್ನುವವರಿಗೆ ಒಂದು ಮಾತು. ಬಲ್ಬು ಕೊಳ್ಳುವಾಗ ವ್ಯಾಟ್ ಬಿಡಿ, ಲ್ಯೂಮೆನ್ ನೋಡಿ, ಅಂದರೆ ಬಲ್ಬು ಕೊಡುವ ಬೆಳಕಿನ ಅಳತೆ. ಕೂತು ಮಾತಾಡುವ ಕೋಣೆಗೆ ಒಂದು ಚದರ ಮೀಟರಿಗೆ 100ರಿಂದ 150 ಲ್ಯೂಮೆನ್ ಸಿಕ್ಕರೆ ಹಿತವಾಗಿರುತ್ತದೆ. ನಿಮ್ಮದು ಸುಮಾರು 18 ಚದರ ಮೀಟರ್ ಎಂದು ಹಿಡಿಯೋಣ. ಅಂದರೆ 2,700ರವರೆಗೆ ಬೇಕು. ಎತ್ತರದ ಕೋಣೆಯಲ್ಲಿ ಗೋಡೆ, ಚಾವಣಿಗಳು ನುಂಗುವುದನ್ನು ಸೇರಿಸಿ ನಾನು ಅದರ ಎರಡರಷ್ಟು ಹಿಡಿಯುತ್ತೇನೆ. 9 ವ್ಯಾಟ್‌ನ ಎಲ್‌ಇಡಿ ಬಲ್ಬು ಒಂದು ಸುಮಾರು 900 ಲ್ಯೂಮೆನ್ ಕೊಡುತ್ತದೆ. ಆರು ಬಲ್ಬು ಕೋಣೆಯಲ್ಲಿ ಸರಿಯಾಗಿ ಹಂಚಿಹೋದರೆ ಸಾಕು. ನಿಮ್ಮಲ್ಲಿ ಈಗಲೇ ಎಂಟಿವೆ!

ಚಾವಣಿಯ ದೀಪಕ್ಕೂ ಗೋಡೆಯ ದೀಪಕ್ಕೂ ಬೇರೆ ಬೇರೆ ಸ್ವಿಚ್ ಇರಲಿ. ಸಂಜೆ ಗೋಡೆಯದ್ದು, ಗುಡಿಸುವಾಗ ಚಾವಣಿಯದ್ದು. ನೆಂಟರು ಬಂದಾಗ ಎರಡೂ.

ಪ್ರಶ್ನೆ: ನಮ್ಮದು ಎರಡೂ ಕಡೆ ಇಳಿಜಾರಿರುವ ಚಾವಣಿ, ನಡುವೆ ಉದ್ದಕ್ಕೂ ತೊಲೆ. ಊಟದ ಮೇಜು ತೊಲೆಯ ಕೆಳಗೆ ಬರದೆ ಎರಡು ಅಡಿ ಪಕ್ಕಕ್ಕೆ ಬಂದಿದೆ. ತೂಗುದೀಪ ಎಲ್ಲಿಂದ ಇಳಿಬಿಡಬೇಕು, ಎಷ್ಟು ಕೆಳಗೆ ಬರಬೇಕು?

ಉತ್ತರ: ಮೇಜು ಎಲ್ಲಿದೆಯೋ ದೀಪ ಅಲ್ಲಿ. ಚಾವಣಿಯ ನಡು ಎಲ್ಲಿ ಬಂತು ಎಂದು ನೋಡಲೇ ಬೇಡಿ. ತೊಲೆಯ ಕೆಳಗೆ ಚೆಂದ ಕಾಣುತ್ತದೆ ಎಂದು ಅಲ್ಲೇ ತೂಗುಹಾಕಿದರೆ, ಮೇಜಿನ ಒಂದು ಬದಿಯಲ್ಲಿ ಕೂತವರ ತಟ್ಟೆಗೆ ಅವರದೇ ನೆರಳು ಬೀಳುತ್ತದೆ.

ಎರಡು ದಾರಿ ಇದೆ. ಇಳಿಜಾರಿನಿಂದಲೇ ನೇರ ಕೆಳಗೆ ಬಿಡುವುದು ಒಂದು. ವೈರ್ ಅಥವಾ ಸರಪಳಿಯ ದೀಪವಾದರೆ ಅದು ತಾನಾಗಿ ನೇರ ತೂಗುತ್ತದೆ, ಚಾವಣಿಯ ಓರೆ ಅದಕ್ಕೆ ಲೆಕ್ಕಕ್ಕಿಲ್ಲ. ಗಟ್ಟಿ ರಾಡಿನ ದೀಪವಾದರೆ ಎಚ್ಚರ. ರಾಡಿನ ಬುಡದಲ್ಲಿ ತಿರುಗುವ ಗುಂಡು ಇಲ್ಲದಿದ್ದರೆ ದೀಪ ಚಾವಣಿಯ ಜೊತೆಗೇ ಓರೆಯಾಗಿ ನಿಲ್ಲುತ್ತದೆ. ಮೇಲಿನ ಬಟ್ಟಲು, ಅಂದರೆ ವೈರ್ ಕೂಡಿಸುವ ಜಾಗ ಮುಚ್ಚುವ ಮುಚ್ಚಳ, ಅದೂ ಓರೆಗೆ ಹೊಂದುವಂಥದ್ದು ಬೇಕು. ಇಲ್ಲದಿದ್ದರೆ ಒಂದು ಕಡೆ ಬೆರಳು ತೂರುವಷ್ಟು ಸಂದಿ ಬಿಡುತ್ತದೆ. ಎರಡನೇ ದಾರಿ, ತೊಲೆಯಿಂದ ವೈರ್ ತಂದು, ಮೇಜಿನ ನೇರಕ್ಕೆ ಒಂದು ಕೊಕ್ಕೆ ಹಾಕಿ, ಅದರ ಮೂಲಕ ಇಳಿಬಿಡುವುದು. ನನಗೆ ಇದು ಇಷ್ಟ. ಮುಂದೆ ಮೇಜು ಸರಿಸಿದರೆ ಕೊಕ್ಕೆ ಮಾತ್ರ ಬದಲಾಯಿಸಿದರಾಯಿತು.

ಮೇಜಿನ ಹಲಗೆಗೂ ದೀಪದ ಕೆಳಗಿನ ಅಂಚಿಗೂ 30ರಿಂದ 36 ಇಂಚು. ಎದುರು ಕೂತವರ ಮುಖ ಕಾಣಬೇಕು, ಬಲ್ಬು ಮಾತ್ರ ಕಾಣಬಾರದು. ಎತ್ತರದ ಚಾವಣಿಯಿಂದ ಇಳಿಬಿಟ್ಟ ಚಿಕ್ಕ ದೀಪ ದಾರದ ತುದಿಯ ಮಣಿಯ ಹಾಗೆ ಕಾಣುತ್ತದೆ. ಮೇಜಿನ ಅಗಲದ ಅರ್ಧದಿಂದ ಮೂರನೇ ಎರಡರಷ್ಟು ಅಗಲದ ದೀಪ ತನ್ನಿ. ಆದರೆ ಭಾರ ನೋಡಿಕೊಳ್ಳಿ. ಹಲಗೆಗೋ ಫಾಲ್ಸ್ ಸೀಲಿಂಗಿಗೋ ಸ್ಕ್ರೂ ಹೊಡೆದು ತೂಗುಹಾಕಬೇಡಿ. ಕೊಕ್ಕೆ ಜಂತೆಗೋ ತೊಲೆಗೋ ಕಚ್ಚಿರಬೇಕು. ತೂಗುಹಾಕುವ ಮೊದಲು ದೀಪಕ್ಕಿಂತ ಜಾಸ್ತಿ ಭಾರದ ನೀರಿನ ಕ್ಯಾನ್ ಕಟ್ಟಿ ಒಂದು ದಿನ ಬಿಡುತ್ತೇನೆ ನಾನು. ಆ ಹೊತ್ತಿನಲ್ಲಿ ಕೆಳಗೆ ಯಾರೂ ಓಡಾಡಬಾರದು. ಕೊಕ್ಕೆ ಕೂದಲೆಳೆಯಷ್ಟು ಜಾರಿದರೂ ಗೊತ್ತಾಗಲಿ ಎಂದು ಅದರ ಬುಡಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದಿರುತ್ತೇನೆ.

ಪ್ರಶ್ನೆ: ನಮ್ಮ ಮನೆಯ ಚಾವಣಿ ಪೂರಾ ಮರದ್ದು, ಬಣ್ಣ ಕಡು ಕಂದು. ರಾತ್ರಿ ಆದರೆ ಗುಹೆ ಹಾಗಿರುತ್ತದೆ. ನಮ್ಮವರು ಬಿಳಿ ಪೇಂಟ್ ಹೊಡೆಸೋಣ ಅಂತಾರೆ. ನನಗೆ ಮರ ಮುಚ್ಚಲು ಮನಸ್ಸಿಲ್ಲ. ಚಾವಣಿಗೆ ಎಲ್‌ಇಡಿ ಸ್ಟ್ರಿಪ್ ಹಾಕಿ ಮೇಲಕ್ಕೆ ಬೆಳಕು ಬಿಟ್ಟರೆ ಆಗುತ್ತಾ?

ಉತ್ತರ: ಪೇಂಟ್ ಹೊಡೆಸಬೇಡಿ. ಒಮ್ಮೆ ಹೊಡೆಸಿದರೆ ಮರವನ್ನು ವಾಪಸ್ ತರುವುದು ಬಹಳ ಕಷ್ಟ. ದೀಪವನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು.

ಆದರೆ ಕೋಣೆಗೆ ಬೇಕಾದ ಬೆಳಕನ್ನೆಲ್ಲ ಸ್ಟ್ರಿಪ್ಪಿನಿಂದ ತೆಗೆಯಲು ಹೋಗಬೇಡಿ. ಬಿಳಿ ಚಾವಣಿ ಬೆಳಕನ್ನು ಹಿಂದಕ್ಕೆ ಕೊಡುತ್ತದೆ, ಕಡು ಮರ ನುಂಗುತ್ತದೆ. ಎಷ್ಟು ಬೆಳಕು ಮೇಲಕ್ಕೆ ಸುರಿದರೂ ಕೆಳಗೆ ಬರುವುದು ಸ್ವಲ್ಪವೇ. ಕೋಣೆಯ ಕೆಲಸಕ್ಕೆ ಬೇಕಾದ ಬೆಳಕು ಕೆಳಮುಖದ ದೀಪಗಳಿಂದಲೇ ಬರಲಿ. ತೊಲೆಯ ಪಕ್ಕಕ್ಕೆ ಒಂದು ಟ್ರ್ಯಾಕ್ ಹಾಕಿ, ಮೂರೋ ನಾಲ್ಕೋ ಸ್ಪಾಟ್‌ಲೈಟ್ ಸಿಕ್ಕಿಸಿ. ಟ್ರ್ಯಾಕ್ ಇಳಿಜಾರಿನ ಉದ್ದಕ್ಕೆ ಇಳಿಯದೆ ನೆಲಕ್ಕೆ ಸಮನಾಗಿ ಇರಲಿ, ಆಗ ದೀಪಗಳ ಎತ್ತರ ಒಂದೇ ಇರುತ್ತದೆ. ಸ್ಪಾಟ್‌ಲೈಟಿನ ಪೆಟ್ಟಿಗೆಯ ಮೇಲೆ ಬೆಳಕು ಎಷ್ಟು ಡಿಗ್ರಿ ಹರಡುತ್ತದೆ ಎಂದು ಬರೆದಿರುತ್ತದೆ. 10 ಅಡಿ ಕೆಳಗೆ, 24 ಡಿಗ್ರಿಯ ದೀಪ ಸುಮಾರು ನಾಲ್ಕು ಅಡಿ ಅಗಲದ ಬೆಳಕಿನ ಬಿಲ್ಲೆ ಬೀಳಿಸುತ್ತದೆ, 36ರದ್ದು ಆರೂವರೆ ಅಡಿ, 60ರದ್ದು ಹನ್ನೊಂದೂವರೆ. ಎತ್ತರದಿಂದ ಮೇಜಿನ ಮೇಲೋ ಕುರ್ಚಿಯ ಮೇಲೋ ಬೀಳಿಸಲು 24 ಅಥವಾ 36 ಸರಿ. 60ರದ್ದು ಅಷ್ಟು ಎತ್ತರದಲ್ಲಿ ತೆಳ್ಳಗಾಗಿಬಿಡುತ್ತದೆ.

ಸ್ಟ್ರಿಪ್ ಹಾಕಿ, ಆದರೆ ಮರದ ಅಂದಕ್ಕೆ ಎಂದು ಹಾಕಿ. ತೊಲೆಯ ಮೇಲ್ಭಾಗದಲ್ಲಿ, ಕೆಳಗಿನವರಿಗೆ ಕಾಣದ ಹಾಗೆ. ಒಂದು ವಿಷಯ ಮಾತ್ರ ಮೊದಲೇ ನೋಡಿಕೊಳ್ಳಿ. ಚಾವಣಿಗೆ ಹೊಳಪಿನ ವಾರ್ನಿಷ್ ಇದ್ದರೆ ಸ್ಟ್ರಿಪ್ಪಿನ ಒಂದೊಂದು ಚುಕ್ಕೆಯೂ ಅದರಲ್ಲಿ ಪ್ರತಿಬಿಂಬ ಆಗುತ್ತದೆ. ಮರ ಬೆಳಗುವ ಬದಲು, ಮರದ ಮೇಲೆ ಸಾಲುಗಟ್ಟಿದ ಬಿಳಿ ಚುಕ್ಕೆಗಳು ಕಾಣುತ್ತವೆ. ಸ್ಟ್ರಿಪ್ಪನ್ನು ಹಾಲುಬಣ್ಣದ ಮುಚ್ಚಳ ಇರುವ ಅಲ್ಯೂಮಿನಿಯಂ ಪಟ್ಟಿಯೊಳಗೆ ಕೂರಿಸಿದರೆ ಚುಕ್ಕೆಗಳು ಕೂಡಿ ಒಂದೇ ಗೆರೆ ಆಗುತ್ತವೆ. ಬೆಳಕಿನ ಬಣ್ಣ 2,700 ಅಥವಾ 3,000 ಕೆಲ್ವಿನ್, ಅಂದರೆ ಬೆಚ್ಚನೆಯ ಹಳದಿ, ಇರಲಿ. 6,500ರ ಬಿಳಿಯಲ್ಲಿ ಕಂದು ಮರ ಬೂದಿ ಬಳಿದ ಹಾಗೆ ಕಾಣುತ್ತದೆ. ಪೆಟ್ಟಿಗೆಯ ಮೇಲೆ ಸಿಆರ್‌ಐ, ಅಂದರೆ ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಂಕ, 90 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮರದ ಕೆಂಪು ಚೆನ್ನಾಗಿ ಎದ್ದು ಬರುತ್ತದೆ. ನಿಮ್ಮವರಿಗೆ ಒಂದು ಸಂಜೆ ಹೀಗೆ ತೋರಿಸಿ. ಪೇಂಟಿನ ಮಾತು ಆಮೇಲೆ.

ಪ್ರಶ್ನೆ: ಮಗಳಿಗೆ ಅಟ್ಟದ ಕೋಣೆ ಕೊಟ್ಟಿದ್ದೇವೆ. ಹಾಸಿಗೆ ಇಳಿಜಾರಿನ ಕೆಳಗೆ ಬಂದಿದೆ. ಹಾಸಿಗೆಯ ನೇರಕ್ಕೆ ಇರುವ ದೀಪ ಮಲಗಿದರೆ ಕಣ್ಣಿಗೆ ಹೊಡೆಯುತ್ತದೆ, ಎದ್ದರೆ ತಲೆಗೆ ತಾಗುತ್ತದೆ. ಏನು ಮಾಡಲಿ?

ಉತ್ತರ: ಆ ದೀಪ ತೆಗೆಸಿ. ತಲೆ ತಾಗುವಷ್ಟು ತಗ್ಗಿರುವ ಇಳಿಜಾರಿನಲ್ಲಿ ಯಾವ ದೀಪವೂ ಬೇಡ. ಅಲ್ಲಿ ಬಿಸಿಯೂ ಜಾಸ್ತಿ. ಸೂರಿಗೂ ಹಲಗೆಗೂ ನಡುವೆ ಗಾಳಿ ಆಡಲು ಜಾಗ ಇರುವುದಿಲ್ಲ, ಎಲ್‌ಇಡಿಯ ಡ್ರೈವರ್, ಅಂದರೆ ಅದಕ್ಕೆ ಬೇಕಾದ ಹಾಗೆ ಕರೆಂಟ್ ಹದ ಮಾಡಿ ಕೊಡುವ ಭಾಗ, ಬೇಗ ಸುಟ್ಟುಹೋಗುತ್ತದೆ. ಶಾಖ ತಡೆಯುವ ಹತ್ತಿಯಂಥ ಪದರ ಇದ್ದರಂತೂ, ಅದಕ್ಕೆ ತಾಗಿದರೂ ಅಪಾಯ ಇಲ್ಲ ಎಂದು ಸ್ಪಷ್ಟವಾಗಿ ಬರೆದಿರುವ ದೀಪ ಬಿಟ್ಟು ಬೇರೆ ಯಾವುದನ್ನೂ ಒಳಗೆ ಹುದುಗಿಸಬೇಡಿ.

ಇಳಿಜಾರು ನೆಲದ ಹತ್ತಿರ ಬಂದು ಸೇರುವ ಕುಳ್ಳ ಗೋಡೆ ಇದೆಯಲ್ಲ, ಕೆಲಸಕ್ಕೆ ಬರುವುದು ಅದೇ. ಅದರ ಮೇಲೆ, ದಿಂಬಿನ ಪಕ್ಕ, ಕತ್ತು ಬಗ್ಗಿಸಲು ಬರುವ ಒಂದು ಓದುವ ದೀಪ. ಬೆಳಕು ಪುಸ್ತಕಕ್ಕೆ ಬೀಳಬೇಕು, ಮುಖಕ್ಕಲ್ಲ. ಕೋಣೆಗೆಲ್ಲ ಬೆಳಕು ಬೇಕಾದರೆ ಎದುರಿನ ನೇರ ಗೋಡೆಯಲ್ಲಿ ಒಂದು ದೀಪ, ಮೇಲ್ಮುಖವಾಗಿ. ಸ್ವಿಚ್ ಎರಡು ಕಡೆ ಹಾಕಿಸಿ, ಮೆಟ್ಟಿಲ ಹತ್ತಿರ ಒಂದು, ಹಾಸಿಗೆಯಿಂದ ಕೈಗೆ ಸಿಗುವಲ್ಲಿ ಒಂದು. ಇಳಿಜಾರಿನ ಕೋಣೆಯಲ್ಲಿ ಕತ್ತಲಲ್ಲಿ ಎದ್ದು ಸ್ವಿಚ್ ಹುಡುಕುವುದೆಂದರೆ ಹಣೆ ಚಚ್ಚಿಕೊಂಡ ಹಾಗೇ.

ಎಲ್ಲ ಮುಗಿದ ಮೇಲೆ ನೀವೇ ಒಮ್ಮೆ ಆ ಹಾಸಿಗೆಯಲ್ಲಿ ಮಲಗಿ ನೋಡಿ. ಬೆನ್ನ ಮೇಲೆ, ಎಡಕ್ಕೆ, ಬಲಕ್ಕೆ. ಮಗಳನ್ನೂ ಕೇಳಿ, ಆಕೆ ಯಾವ ಕಡೆ ತಿರುಗಿ ಓದುತ್ತಾಳೆ ಎಂದು.

ಪ್ರಶ್ನೆ: ಎತ್ತರದ ಚಾವಣಿ, ನಡುವೆ ಫ್ಯಾನ್. ರಾತ್ರಿ ಫ್ಯಾನ್ ಹಾಕಿದರೆ ಕೋಣೆಯೆಲ್ಲ ಮಿಣಮಿಣ ಎನ್ನುತ್ತದೆ. ಬಲ್ಬು ಬದಲಾಯಿಸಿದರೂ ಹೋಗಲಿಲ್ಲ. ವೈರಿಂಗ್ ಕೆಟ್ಟಿದೆಯಾ?

ಉತ್ತರ: ಫ್ಯಾನ್ ನಿಲ್ಲಿಸಿ ನೋಡಿ. ಮಿಣುಕು ನಿಂತರೆ ವೈರಿಂಗಿನದಲ್ಲ. ದೀಪ ರೆಕ್ಕೆಗಳಿಗಿಂತ ಮೇಲಿದೆ, ತಿರುಗುವ ರೆಕ್ಕೆ ಬೆಳಕನ್ನು ಕತ್ತರಿಸುತ್ತಿದೆ. ಇಳಿಜಾರಿನಲ್ಲಿ ಫ್ಯಾನನ್ನು ಉದ್ದ ರಾಡಿನಲ್ಲಿ ಕೆಳಗೆ ಇಳಿಸಿರುತ್ತಾರೆ, ಹಾಗಾಗಿ ಇದು ಜಾಸ್ತಿ. ತಲೆನೋವು ಬರುವವರಿಗೆ ಇದು ನಿಜವಾದ ಹಿಂಸೆ, ಸಹಿಸಿಕೊಂಡು ಕೂರಬೇಡಿ. ದೀಪವನ್ನು ರೆಕ್ಕೆಯ ಸುತ್ತಿನಿಂದ ಆಚೆ ಸರಿಸಿ ಅಥವಾ ಗೋಡೆಗೆ, ರೆಕ್ಕೆಗಿಂತ ತಗ್ಗಿನಲ್ಲಿ ಹಾಕಿ.

ಫ್ಯಾನ್ ನಿಲ್ಲಿಸಿದರೂ ಮಿಣುಕಿದರೆ, ಬೆಳಕು ಏರಿಸಿ ಇಳಿಸುವ ಡಿಮ್ಮರ್ ಇದೆಯಾ ನೋಡಿ. ಎಲ್ಲ ಎಲ್‌ಇಡಿ ಬಲ್ಬುಗಳೂ ಡಿಮ್ಮರಿಗೆ ಹೊಂದುವುದಿಲ್ಲ. ಹೊಂದುವುದಾದರೆ ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಡಿಮ್ಮರ್ ಇಲ್ಲದೆಯೂ ಮಿಣುಕಿದರೆ ಮಾತ್ರ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ, ತಡ ಮಾಡಬೇಡಿ.

ಪ್ರಶ್ನೆ: ನಾವಿಬ್ಬರೂ ಅರವತ್ತೈದು ದಾಟಿದವರು. ಹಾಲಿನ ನೆತ್ತಿ 18 ಅಡಿ. ಅಲ್ಲಿರುವ ಎರಡು ಬಲ್ಬು ಸುಟ್ಟು ವರ್ಷವಾಯಿತು. ಏಣಿ ಹತ್ತಲು ಭಯ. ನಾವು ಯಾವ ದೀಪ ಹಾಕಿಸಬೇಕು?

ಉತ್ತರ: ಆ ಏಣಿ ಹತ್ತಬೇಡಿ. ನಿಮ್ಮ ಪತ್ರ ಓದಿದ ಕೂಡಲೇ ಮೊದಲು ಹೇಳಬೇಕೆನಿಸಿದ್ದು ಇದೇ. 18 ಅಡಿಗೆ ನಾನೇ ಹತ್ತುವಾಗಲೂ ಕೆಳಗೆ ಒಬ್ಬರು ಏಣಿ ಹಿಡಿದಿರುತ್ತಾರೆ, ಮೇನ್ ಆಫ್ ಆಗಿರುತ್ತದೆ.

ನೆತ್ತಿಯ ಎರಡೂ ಜಾಗ ಹಾಗೇ ಬಿಟ್ಟುಬಿಡಿ. ಒಂದು ವರ್ಷ ಆ ಬಲ್ಬುಗಳಿಲ್ಲದೆ ನಡೆದಿದೆ. ನಿಮಗೆ ಬೇಕಾದ ದೀಪಗಳೆಲ್ಲ ಏಳು ಅಡಿಯ ಒಳಗೆ ಇರಲಿ, ನೆಲದಲ್ಲಿ ನಿಂತು ಅಥವಾ ಎರಡು ಮೆಟ್ಟಿಲ ಸ್ಟೂಲ್ ಹಾಕಿ ಬೇರೆಯವರು ಸುಲಭವಾಗಿ ಬದಲಾಯಿಸುವ ಹಾಗೆ. ಬದಿಯ ಗೋಡೆಗಳಿಗೆ ಮೇಲ್ಮುಖದ ದೀಪ ಎರಡೆರಡು ಹಾಕಿಸಿದರೆ ಆ ಎತ್ತರವೂ ಕತ್ತಲಾಗಿ ಉಳಿಯುವುದಿಲ್ಲ. ವಯಸ್ಸಾದ ಹಾಗೆ ಕಣ್ಣಿಗೆ ಜಾಸ್ತಿ ಬೆಳಕು ಬೇಕಾಗುತ್ತದೆ. ಅದೇ ಹೊತ್ತಿಗೆ ಕುಕ್ಕುವ ಬೆಳಕು ಮೊದಲಿಗಿಂತ ಜಾಸ್ತಿ ಕಾಡುತ್ತದೆ. ಹಾಗಾಗಿ ಬಲ್ಬು ಬರಿಗಣ್ಣಿಗೆ ಕಾಣುವ ದೀಪ ಬೇಡ. ನಡೆಯುವ ದಾರಿಯಲ್ಲಿ ನೆಲದ ದೀಪದ ವೈರ್ ಎಳೆಯಬೇಡಿ, ಎಡವಿ ಬೀಳಲು ಅದೊಂದೇ ಸಾಕು.

ನೆತ್ತಿಯಲ್ಲಿ ದೀಪ ಇರಲೇಬೇಕು ಎಂದು ಮನಸ್ಸಿದ್ದರೆ, ಒಳ್ಳೆಯ ಎಲ್‌ಇಡಿ ಒಂದನ್ನು ಕೆಲಸದವರಿಂದಲೇ ಹಾಕಿಸಿ. 25,000 ಗಂಟೆ ಬಾಳುವ ದೀಪವನ್ನು ದಿನಕ್ಕೆ ಐದು ಗಂಟೆ ಉರಿಸಿದರೆ ಹದಿಮೂರು ವರ್ಷಕ್ಕೂ ಮೇಲೆ ಬರಬೇಕು. ಅದರ ಡ್ರೈವರ್ ಮಾತ್ರ ನೆತ್ತಿಯಲ್ಲಿ ಬೇಡ, ಕೆಳಗೆ ಕೈಗೆ ಸಿಗುವ ಕಡೆ ಇಡಲು ಆಗುತ್ತದಾ ಎಂದು ಕೇಳಿ. ಎಷ್ಟೋ ಸಲ ದೀಪಕ್ಕಿಂತ ಮೊದಲು ಕೆಡುವುದು ಡ್ರೈವರ್ರೇ. ವೈರ್ ಉದ್ದವಾದಾಗ ಯಾವ ದಪ್ಪದ್ದು ಬೇಕು ಎಂದು ಅವರೇ ಲೆಕ್ಕ ಹಾಕಿ ಹೇಳುತ್ತಾರೆ. ಅವರು ಏಣಿ ತಂದ ದಿನವೇ ಸುಟ್ಟ ಎರಡು ಬಲ್ಬುಗಳನ್ನೂ ಇಳಿಸಿಕೊಡಲು ಹೇಳಿ.